ಇಪ್ಪತ್ತೈದು ನಿಮಿಷದ ಒಪ್ಪಂದ

ನನ್ನ ತಮ್ಮ ಪಾದ್ರಿ. ಐವತ್ತೆರಡನೇ ವಯಸ್ಸಿನಲ್ಲಿ ಅವನಿಗೆ ಎಂ.ಎ. ಓದುವ ಹುಕಿ ಹತ್ತಿತು. ವಿಷಯ: ಅಂತರಧರ್ಮೀಯ ನಾಯಕತ್ವ ಮತ್ತು ಯೆಹೂದಿ-ಕ್ರೈಸ್ತ ಸಂಬಂಧ. ಅವನ ಚರ್ಚಿನ ಗೋಡೆಗೆ ಬೆನ್ನು ಹಚ್ಚಿಕೊಂಡೇ ಯೆಹೂದಿಗಳ ಸಭಾಮಂದಿರವಿದೆ. ಪಕ್ಕದವರ ಸಂಬಂಧ ಕಲಿಯಲು ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೆ ಯಾಕೋ ಹೋಗಬೇಕು ಎಂದು ಕೇಳಿದೆ.

"ಅಕ್ಕಾ, ನಿಂಗೆ ಅದೆಲ್ಲ ಅರ್ಥ ಆಗಲ್ಲ" ಎಂದ.

ಎರಡೂ ಕಡೆಯವರ ಬಟ್ಟೆ ಹೊಲಿಯುವವಳು ನಾನು. ಸೊಂಟದ ಸುತ್ತ ಟೇಪು ಹಿಡಿದು ನಿಂತವಳ ಹತ್ತಿರ ಜನ ಮುಚ್ಚಿಡುವುದು ಕಡಿಮೆ.

ಓದನ್ನೆಲ್ಲ ಚೆನ್ನಾಗಿಯೇ ಮುಗಿಸಿದ. ಮುಗ್ಗರಿಸಿದ್ದು ಪ್ರಾಯೋಗಿಕ ಪರೀಕ್ಷೆಯಲ್ಲಿ. ಎರಡೂ ಕಡೆಯಿಂದ ಆರಾರು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಂದು ಗಂಟೆ ಮಾತಾಡಿಸಿ, ಎಲ್ಲರೂ ಒಪ್ಪುವ ತೀರ್ಮಾನಕ್ಕೆ ತರಬೇಕು. ಮೊದಲ ಸಲ ಇವನೊಬ್ಬನೇ ಐವತ್ತೈದು ನಿಮಿಷ ಮಾತಾಡಿದ್ದ. ಉಳಿದ ಐದು ನಿಮಿಷ ಯಾರೋ ಕೆಮ್ಮಿದ್ದರು. ಫೇಲು. ಇನ್ನೊಂದೇ ಅವಕಾಶವಿತ್ತು. ಅದೂ ಕೈತಪ್ಪಿದರೆ ಎರಡು ವರ್ಷದ ಓದು ನೀರುಪಾಲು.

ಅವನ ಜೊತೆ ಓದುತ್ತಿದ್ದ ಟೀಚರಮ್ಮ ಸಭಾಮಂದಿರದ ಕಡೆಯವರು, ಲೆಕ್ಕ ಕಲಿಸಿ ನಿವೃತ್ತರಾದವರು. ಈ ಸಲ ತಮ್ಮವರನ್ನು ತಾವೇ ತಯಾರು ಮಾಡುವುದಾಗಿ ಹೊಣೆ ಹೊತ್ತರು. ಇಬ್ಬರ ಕೈಯಲ್ಲೂ ಒಂದೇ ನೋಟ್ಸು. ಅದರಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಇಷ್ಟು: ಮೊದಲು ಎದುರಿನವರು ಮಾತಾಡಲಿ, ನೀವು ಕೇಳಿಸಿಕೊಳ್ಳಿ. ಮೂರು ವಾರ ಇವನು ಚರ್ಚಿನ ಆರು ಜನರಿಗೆ ಇದನ್ನೇ ತಿದ್ದಿಸಿದ. ಗೋಡೆಯಾಚೆ ಅವರೂ ಆರು ಜನರಿಗೆ ಇದನ್ನೇ ತಿದ್ದಿಸಿದರು.

ಪರೀಕ್ಷೆಯ ದಿನ ಟೀ ಕೊಡಲೆಂದು ನಾನೂ ಹೋದೆ. ಪರೀಕ್ಷೆ ಮಾಡಲು ಬಂದ ಪ್ರೊಫೆಸರಮ್ಮ ಮೂಲೆಯಲ್ಲಿ ನೋಟುಪುಸ್ತಕ ಬಿಚ್ಚಿ ಕೂತಿದ್ದರು.

"ನೀವು ಹೇಳಿ" ಎಂದರು ಚರ್ಚಿನಲ್ಲಿ ಡ್ರಮ್ ಬಾರಿಸುವವರು.

"ಛೆ ಛೆ, ಮೊದಲು ನೀವು" ಎಂದರು ಸಭಾಮಂದಿರದ ಕಡೆಯ ಗಡಿಯಾರ ರಿಪೇರಿಯವರು.

"ನಾವು ಕೇಳಿಸ್ಕೊಳ್ಳೋಕೆ ಅಂತಾನೇ ಬಂದಿರೋದು."

"ನಾವೂ ಅಷ್ಟೇ."

ಆಮೇಲೆ ಹನ್ನೆರಡು ಜನವೂ ಫೋಟೋಗೆ ಕೂತವರ ಹಾಗೆ ಮುಗುಳ್ನಗುತ್ತ ಕೂತರು. ಇಪ್ಪತ್ತು ನಿಮಿಷ ಹಾಗೇ ಕಳೆಯಿತು. ತಮ್ಮ ಬಾಯಿಬಿಟ್ಟರೆ ಹಳೇ ಕಥೆ, ಬಿಡದಿದ್ದರೂ ಫೇಲು. ಅವನ ಮುಖ ನೋಡಲಾಗಲಿಲ್ಲ.

ಎರಡನೇ ಸಲ ಟೀ ಬಗ್ಗಿಸುತ್ತ ಗಡಿಯಾರದವರನ್ನು ಕೇಳಿದೆ: "ಅಣ್ಣಾ, ಕೋಟಿನ ಅಳತೆ ಕೊಡುವಾಗ ಶುಕ್ರವಾರದ ಡ್ರಮ್ಮಿನ ಬಗ್ಗೆ ಏನೋ ಅಂದ್ರಲ್ಲ. ಇವರಿಗೂ ಹೇಳಿ."

"ಏ, ಅದೇನಿಲ್ಲ ಬಿಡಮ್ಮ" ಎಂದು ಕೆಂಪಾದರು. ಅರ್ಧ ಗುಟುಕಿಗೇ ತಡೆಯಲಾಗಲಿಲ್ಲ. "ಏನಿಲ್ಲ ಅಂತ ಹೇಗೆ ಹೇಳ್ಲಿ? ಶುಕ್ರವಾರ ಸಂಜೆ ಸಬ್ಬತ್ತಿನ ಪ್ರಾರ್ಥನೆ ನಾವು ಶುರು ಮಾಡೋಕೂ ಇವರು ಡ್ರಮ್ ಪ್ರಾಕ್ಟೀಸು ಶುರು ಮಾಡೋಕೂ ಸರಿಹೋಗುತ್ತೆ. ಹನ್ನೆರಡು ವರ್ಷದಿಂದ ಇವರ ತಾಳಕ್ಕೇ ಪ್ರಾರ್ಥನೆ ಮಾಡ್ತಿದೀವಿ!"

"ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?" ಡ್ರಮ್ಮಿನವರು ಎದ್ದೇಬಿಟ್ಟರು. "ಮತ್ತೆ ನಿಮ್ಮ ಮಕ್ಕಳು? ಭಾನುವಾರ ನಿಮ್ಮ ಮಂದಿರದ ಪಾಠದ ಮಧ್ಯೆ ಬಿಡುವು ಸಿಕ್ರೆ ಸಾಕು, ನಮ್ಮ ಗೋಡೆಗೇ ಚೆಂಡು. ನಾವು ಆಮೆನ್ ಅನ್ನೋ ಮೊದ್ಲೇ ಗೋಡೆ ಧಡ್ ಅನ್ನುತ್ತೆ!"

ಕೋಣೆ ಕೊತಕೊತ ಕುದಿಯಿತು. ತಮ್ಮ ಸಮಾಧಾನ ಮಾಡಲು ಅರ್ಧ ಎದ್ದ. ಹೆಗಲು ಒತ್ತಿ ಕೂರಿಸಿದೆ. "ಕೂತ್ಕೊಳೋ. ಈಗ್ಲಾದ್ರೂ ಮಾತಾಡ್ತಿದಾರೆ."

ಕೂಗಾಡಿ ಸುಸ್ತಾದ ಮೇಲೆ ಡ್ರಮ್ಮು ಗುರುವಾರಕ್ಕೆ ಸರಿಯಿತು.

"ಪಾದ್ರಿಗಳ ಪ್ರಸಂಗ ಮುಗಿದ ಮೇಲೇ ಮಕ್ಕಳನ್ನ ಆಟಕ್ಕೆ ಬಿಡ್ತೀವಿ" ಎಂದರು ಟೀಚರಮ್ಮ. "ಎಷ್ಟು ಹೊತ್ತಿಗೆ ಮುಗಿಯುತ್ತೆ?"

ಚರ್ಚಿನ ಆರು ಜನರೂ ನೆಲ ನೋಡಿದರು.

"ಅದು ದೇವರಿಗೇ ಗೊತ್ತು" ಎಂದರು ಡ್ರಮ್ಮಿನವರು.

"ದೇವರಿಗೂ ಅನುಮಾನವೇ" ಎಂದಿತು ಹಿಂದಿನಿಂದ ಒಂದು ದನಿ.

ಅಲ್ಲಿಗೆ ಎರಡು ಗುಂಪು ಒಂದಾಯಿತು. ಪ್ರಸಂಗ ಇಪ್ಪತ್ತೈದು ನಿಮಿಷ ಮೀರಕೂಡದೆಂದು ಹನ್ನೆರಡು ಕೈ ಒಟ್ಟಿಗೆ ಮೇಲೆದ್ದವು.

"ಇಪ್ಪತ್ತೈದು ನಿಮಿಷದಲ್ಲಿ ಏನ್ರೀ ಹೇಳೋಕಾಗುತ್ತೆ?" ತಮ್ಮ ಕೊನೆಗೂ ಬಾಯಿಬಿಟ್ಟ.

"ನಾನು ನಲವತ್ತು ನಿಮಿಷದಲ್ಲಿ ಬೀಜಗಣಿತ ಮುಗಿಸ್ತಿದ್ದೆ. ಅದ್ರಲ್ಲಿ ಹದಿನೈದು ನಿಮಿಷ ಹಾಜರಿಗೇ" ಎಂದರು ಟೀಚರಮ್ಮ.

ಪ್ರೊಫೆಸರಮ್ಮ ಪುಸ್ತಕ ಮುಚ್ಚಿದರು. "ತೀರ್ಮಾನವೇನೋ ಬಂತು. ಒಂದು ಭಾನುವಾರ ಅದು ನಡೆಯೋದನ್ನ ನೋಡ್ತೀನಿ. ಆಮೇಲೆ ಪಾಸು."

ಆ ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಅವರು ಕೂತಿದ್ದರು. ಪಕ್ಕದಲ್ಲಿ ಅಂಗೈ ಮೇಲೆ ಗಡಿಯಾರ ಇಟ್ಟುಕೊಂಡ ರಿಪೇರಿಯವರು. ತಮ್ಮ ಎತ್ತಿಕೊಂಡದ್ದು ದೇವರ ಮಾತಿನಿಂದ ತಪ್ಪಿಸಿಕೊಂಡು ಓಡಿದ ಪ್ರವಾದಿಯ ಕಥೆ. ಹಡಗು ಹತ್ತಿಸಿದ, ಬಿರುಗಾಳಿ ಎಬ್ಬಿಸಿದ, ಸಮುದ್ರಕ್ಕೆ ಎಸೆಸಿದ. ಮೀನು ಬಂದು ನುಂಗಿತು. ರಿಪೇರಿಯವರ ಕೈ ಮೇಲೆದ್ದಿತು.

ಇಪ್ಪತ್ತೈದು. ತಮ್ಮ ತೆರೆದ ಬಾಯಿ ಮುಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ವೇದಿಕೆಯ ಮೆಟ್ಟಿಲಿಳಿದ.

"ಪಾದ್ರಿಗಳೇ, ಎಲ್ಲಿ ಹೊರಟ್ರಿ?" ರಿಪೇರಿಯವರು ಗಾಬರಿಯಿಂದ ಎದ್ದು ನಿಂತರು. "ಮೊದಲು ಅವನನ್ನ ಹೊರಗೆ ತೆಗೀರಿ!"

"ಒಪ್ಪಂದ..."

"ಇರ್ಲಿ ಸ್ವಾಮಿ ಒಪ್ಪಂದ. ಅವನು ನಮ್ಮ ಪ್ರವಾದಿ. ನಿಮ್ಮ ಚರ್ಚಲ್ಲಿ ಮೀನಿನ ಹೊಟ್ಟೇಲಿ ಬಿಟ್ಟು ಬಂದೆ ಅಂತ ನಮ್ಮೋರಿಗೆ ಹೇಗೆ ಹೇಳ್ಲಿ?"

"ನಮ್ಮವನೂ ಹೌದು ಕಣ್ರೀ" ಎಂದರು ಡ್ರಮ್ಮಿನವರು. "ತೆಗೀಲಿ."

ತಮ್ಮ ಪ್ರೊಫೆಸರಮ್ಮನ ಕಡೆ ನೋಡಿದ.

"ಎರಡೂ ಕಡೆಯವರು ಒಪ್ಪಿದ್ರೆ ತಿದ್ದುಪಡಿ ಆಗುತ್ತೆ" ಎಂದರು ಅವರು, ನಗು ತಡೆದುಕೊಂಡು.

ಐದು ನಿಮಿಷ ಮಂಜೂರಾಯಿತು. ತಮ್ಮ ಮೂರರಲ್ಲೇ ಪ್ರವಾದಿಯನ್ನು ದಡಕ್ಕೆ ತಂದು ಹಾಕಿದ. ಇನ್ನೆರಡು ನಿಮಿಷ ಕೈಯಲ್ಲಿತ್ತು, ಮುಟ್ಟಲಿಲ್ಲ. ಪ್ರೊಫೆಸರಮ್ಮ ಬೆಂಚಿನ ಮೇಲೇ ಪಾಸಿನ ಹಾಳೆ ಇಟ್ಟು ಸಹಿ ಹಾಕಿದ್ದು ಅದನ್ನು ನೋಡಿಯೇ ಇರಬೇಕು.