ಕದವಿಲ್ಲದ ಏಕಾಂತಯ್ಯ

ಹೊನ್ನವಳ್ಳಿ ಕಡೆಯ ಏಕಾಂತಯ್ಯನವರು ಯಾರಿಗೂ ಮೊದಲು ತಮ್ಮ ಹೆಸರು ಹೇಳಿದವರಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತನಾಗಲಿ, ತಿಪಟೂರಿನ ಕೊಬ್ಬರಿ ಮಂಡಿಯ ಗುಮಾಸ್ತನಾಗಲಿ, ತಾಲ್ಲೂಕು ಕಚೇರಿಯ ಸಾಹೇಬರೇ ಆಗಲಿ, ‘ತಮ್ಮ ಹೆಸರು?’ ಎಂದು ಕೇಳಿದೊಡನೆ ಕಪ್ಪು ಕೋಟಿನ ಮೇಲಿನ ಗುಂಡಿ ಹಾಕಿಕೊಂಡು, ಒಮ್ಮೆ ಗಂಟಲು ಸರಿಮಾಡಿಕೊಂಡು, “ಕದವಿಲ್ಲದವರು” ಎನ್ನುತ್ತಿದ್ದರು. ಕೇಳಿದವನು ಕಕ್ಕಾಬಿಕ್ಕಿಯಾಗಿ ಸುಧಾರಿಸಿಕೊಳ್ಳುವಷ್ಟು ಹೊತ್ತು ಬಿಟ್ಟು, “ಅದು ಮನೆತನ. ನನ್ನೆಸ್ರು ಏಕಾಂತಯ್ಯ” ಎಂದು ಮುಗಿಸುವರು. ಏಕಾಂತವೊಂದು ಮಾತ್ರ ಆ ಮನೆಯಲ್ಲಿ ಯಾರಿಗೂ ದೊರೆತದ್ದಿಲ್ಲ ಎಂಬುದು ಬೇರೆ ಮಾತು.

ಏಕೆಂದರೆ ಅವರ ಮನೆಯ ತಲೆಬಾಗಿಲಿಗೆ ನಿಜಕ್ಕೂ ಕದವಿರಲಿಲ್ಲ. ಎಣ್ಣೆ ಕುಡಿದು ಕರ್ರಗಾದ ಹಲಸಿನ ಚೌಕಟ್ಟಿತ್ತು, ಹೊಸ್ತಿಲಿತ್ತು, ಕದ ಕೂರಬೇಕಾದ ಕುಳಿಗಳೂ ಇದ್ದವು. ನಾಯಿ, ಮೇಕೆ, ನೆಂಟರು, ಜಂಗಮರು, ನನ್ನಂಥ ವಿಮೆಯ ಏಜೆಂಟರು ಎಲ್ಲರೂ ಒಂದೇ ಸಲಿಗೆಯಿಂದ ಒಳಗೆ ಬರುತ್ತಿದ್ದರು. ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಬಿದ್ದಿರುತ್ತಿದ್ದ ಕಾಯಿರಾಶಿಯನ್ನು ಕಂಡು ಎರಡು ಸಲ ಕಳ್ಳರೂ ಬಂದು ಹೋಗಿದ್ದರು. “ಒಂದು ಹಲಗೆನಾದ್ರೂ ನಿಲ್ಸಿ ಅಂದ್ರೆ ಕೇಳಾಕಿಲ್ಲ ಕಣ್ರೀ” ಎಂದು ಅವರ ಪತ್ನಿ ಮೀನಾಕ್ಷಮ್ಮ ನನ್ನ ಮುಂದೆ ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದರು.

ಹೆಸರಿನ ಮೂಲವನ್ನು ಏಕಾಂತಯ್ಯನವರು ಹೇಳುತ್ತಿದ್ದುದು ಹೀಗೆ: ನೂರು ವರ್ಷದ ಹಿಂದೆ, ಧಾತು ಸಂವತ್ಸರದ ಘೋರ ಕ್ಷಾಮದಲ್ಲಿ ಅವರ ಮುತ್ತಜ್ಜ ಸೌದೆ ಸಾಲದೆ ತನ್ನ ಮನೆಯ ಕದವನ್ನೇ ಸೀಳಿ ಒಲೆಗಿಟ್ಟು, ದಾರಿಹೋಕರಿಗೆಲ್ಲ ಗಂಜಿ ಕಾಸಿದನಂತೆ. “ಹಸ್ದೋನು ಬಾಗ್ಲು ತಟ್ಬಾರ್ದು ಅಂತ ಮತ್ತೆ ಕದಾನೇ ಇಡ್ಲಿಲ್ಲ ಕಣ್ರೀ” ಎನ್ನುವಾಗ ಆ ಕೃಶ ಶರೀರ ಗೇಣುದ್ದ ಬೆಳೆದಂತೆ ಕಾಣುತ್ತಿತ್ತು. ನಮ್ಮ ಸೀಮೆಯಲ್ಲಿ ಊರಿನದೊಂದು, ಅಪ್ಪನದೊಂದು ಅಕ್ಷರವನ್ನು ಹೆಸರಿನ ಮುಂದಿಟ್ಟುಕೊಂಡು ಕಾಲ ಹಾಕುವವರೇ ಹೆಚ್ಚು; ಮನೆತನದ ಹೆಸರು ಹೆಣ್ಣುಗಂಡಿನ ಮಾತು ಬಂದಾಗಷ್ಟೇ ಹೊರಬರುವ ವಸ್ತು. ಏಕಾಂತಯ್ಯನವರಾದರೋ ಕರೆದ ಮದುವೆ, ಕರೆಯದ ಮದುವೆ ಎಂದು ನೋಡದೆ ಪಂಕ್ತಿಪಂಕ್ತಿಗೂ ಹೋಗಿ, ತಲೆ ಮುಂದಕ್ಕೆ ಚಾಚಿದ ಅವಸರದ ನಡಿಗೆಯಲ್ಲಿ, ತಮ್ಮ ಮನೆತನದವರು ಇನ್ನೆಲ್ಲಾದರೂ ಉಂಟೇ ಎಂದು ವಿಚಾರಿಸುತ್ತಿದ್ದರು. ಮೂರು ತಾಲ್ಲೂಕು ಜಾಲಾಡಿದ ಮೇಲೆ ದೊರೆತದ್ದು ಎರಡೇ ಮನೆ. ಮಾಯಸಂದ್ರದವರು ಕಬ್ಬಿಣದ ಗೇಟು ಹಾಕಿಸಿ ಹೆಸರನ್ನೇ ಕೈಬಿಟ್ಟಿದ್ದರು. “ಹೆಸ್ರು ಬಿಟ್ಟೋರ ಮನೇಲಿ ನಾನು ನೀರು ಕುಡಿಯಲ್ಲ ಬುಡಿ” ಎಂದು ಏಕಾಂತಯ್ಯನವರು ಬಾಯಾರಿಕೊಂಡೇ ಎದ್ದು ಬಂದಿದ್ದರು. ಉಳಿದದ್ದು ಹಂದನಕೆರೆಯದು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮಗಳು ಪ್ರಭಾವತಿಗೆ ತುರುವೇಕೆರೆಯಿಂದ ಸಂಬಂಧ ಬಂತು. ಗಂಡಿನ ತಂದೆ ಮಲ್ಲಿಕಾರ್ಜುನಯ್ಯ ಕೊಬ್ಬರಿ ವ್ಯಾಪಾರಿ, ಸ್ಥಿತಿವಂತ. ಹಸಿದವರಿಗಾಗಿ ಕದ ಸುಟ್ಟ ಮನೆತನದ ಹೆಣ್ಣೇ ಬೇಕೆಂದು ತಾವಾಗಿ ಹುಡುಕಿಕೊಂಡು ಬಂದವರು. ನಿಶ್ಚಿತಾರ್ಥದ ವೀಳ್ಯಶಾಸ್ತ್ರಕ್ಕೆ ಹಂದನಕೆರೆಯ ಹಿರಿಯಳಾದ ಗುರುಸಿದ್ದಮ್ಮನನ್ನು ಕರೆಯಲು ಹೊರಟ ಏಕಾಂತಯ್ಯನವರು ನನ್ನನ್ನೂ ಜೊತೆಗೆಳೆದುಕೊಂಡರು. ಆಕೆ ಅವರ ತಂದೆಯ ದಾಯಾದಿ ತಂಗಿ, ವರಸೆಯಲ್ಲಿ ಅತ್ತೆ. ತವರಲ್ಲೇ ನೆಲೆಸಿದ, ಎಂಬತ್ತು ದಾಟಿದ ಮುದುಕಿ. ಮುತ್ತಜ್ಜನ ಗಂಜಿಯ ಕತೆಯನ್ನು ಪೂರ್ತಿ ಕೇಳಿ, ಕಡೆಗೆ ಎಲೆಯಡಿಕೆ ಉಗಿದು ಬಂದು ಹೇಳಿದಳು.

“ಕದ ಸುಟ್ರು ಅಂತ ನಿಂಗ್ಯಾರಪ್ಪ ಹೇಳಿದ್ದು? ನಮ್ಮಜ್ಜಿ ಕಣ್ಣಾರೆ ಕಂಡಿದ್ಲು. ನೆಲದಡಿ ಹಗೇವಿನ ತುಂಬ ರಾಗಿ ಇತ್ತು. ಯಾರೋ ಒಬ್ಳು ಹೆಂಗ್ಸು ಮಡ್ಲಲ್ಲಿ ಕೂಸು ಕಟ್ಕಂಡು ಬಂದು ಬಾಗ್ಲು ತಟ್ಟಿದ್ಲು. ನಮ್ಮಜ್ಜ, ಅಂದ್ರೆ ನಿನ್ನ ಮುತ್ತಜ್ಜ, ತೆಗೀಲಿಲ್ಲ. ಬೆಳಗೆದ್ದು ನೋಡಿದ್ರೆ ಜಗುಲಿ ಮೇಲೆ ಸತ್ತೋಗಿದ್ಲು. ಊರೋರು ಸೇರ್ಕಂಡು ಕದ ಕಿತ್ತು, ಅದ್ರ ಮೇಲೇ ಅವಳನ್ನ ಹೊತ್ಕಂಡೋಗಿ ಮಣ್ಣು ಮಾಡಿದ್ರು. ಇನ್ಮುಂದೆ ಈ ವಂಶದೋರ ಮನೆಗೆ ಕದ ಇರ್ಕೂಡ್ದು ಅಂದ್ರು. ಹಂಗೆ ಬಂದಿದ್ದು ಕಣಪ್ಪ ನಮ್ಮೆಸ್ರು.”

ಏಕಾಂತಯ್ಯನವರು ಕೇಳಿದರು: “ಕೂಸು ಏನಾಯ್ತು ಅತ್ತೆ?”

“ಅಜ್ಜಿ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ಹಿಂದಿರುಗುವಾಗ ಬಸ್ಸಿನಲ್ಲಿ ಯಾರೋ ಹೆಸರು ಕೇಳಿದರೆ ಅವರು ಕಿಟಕಿಯ ಕಡೆ ತಿರುಗಿಬಿಟ್ಟರು. ಈ ವಿಚಾರ ಬೀಗರ ಕಿವಿಗೆ ಬೀಳುವುದು ಬೇಡವೆಂದು ನಾನು ಹೇಳಿದೆ, ಮನೆಯಲ್ಲಿ ಮೀನಾಕ್ಷಮ್ಮ ಅತ್ತುಕೊಂಡೇ ಹೇಳಿದರು, “ಮದ್ವೆ ಒಂದು ಮುಗೀಲಿ, ಆಮೇಲೆ ಬೇಕಾದ್ರೆ ಡಂಗೂರ ಹೊಡೀರಿ.” ಏಕಾಂತಯ್ಯನವರದು ಒಂದೇ ಮಾತು: “ಹೆಸ್ರು ಇಟ್ಕಂಡು ಕತೆ ಬಿಸಾಕ್ಲಾ?” ಆದರೂ ಮಗಳನ್ನು ಕರೆದು ಕೇಳಿದರು. “ನಿನ್ನ ಬಾಳಿನ ವಿಷ್ಯ ಕಣವ್ವ. ನೀನೇನಂತೀಯ?” ಪ್ರಭಾವತಿ ಸೆರಗಿನ ತುದಿ ಸುತ್ತುತ್ತ, “ಹೇಳ್ಬುಡಿ ಅಪ್ಪಾಜಿ. ನಾಳೆ ಬೇರೆ ಯಾರೋ ಹೇಳಿದ್ರೆ ನಾನು ಅಲ್ಲಿ ಹೆಂಗೆ ತಲೆ ಎತ್ಲಿ?” ಎಂದಳು. ಆ ಹುಡುಗಿ ಅಪ್ಪನ ಮಗಳೇ ಸರಿ.

ವೀಳ್ಯದ ದಿನ ಗಂಡಿನ ಕಡೆಯವರು ಹಜಾರದ ತುಂಬ ಕೂತಿದ್ದರು. ತಟ್ಟೆ ಬದಲಾಯಿಸುವ ಮುನ್ನ ಮಲ್ಲಿಕಾರ್ಜುನಯ್ಯನವರೇ, ತಮ್ಮ ನೆಂಟರೂ ಕೇಳಲಿ, ಮನೆತನದ ಕತೆ ಹೇಳಿ ಎಂದು ಸಂಭ್ರಮದಿಂದ ಕೋರಿದರು. ಏಕಾಂತಯ್ಯನವರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ರಾಗಿ ತುಂಬಿದ ಹಗೇವಿನಿಂದ ಹಿಡಿದು ಜಗುಲಿಯ ಮೇಲಿನ ಹೆಣದವರೆಗೆ, ಒಂದನ್ನೂ ಮರೆಮಾಚದೆ, ಒಂದನ್ನೂ ಮೆದು ಮಾಡದೆ ಹೇಳಿದರು. ಒಳಗೆ ಮೀನಾಕ್ಷಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದುದು ನನಗೆ ಕಾಣುತ್ತಿತ್ತು.

ಮಲ್ಲಿಕಾರ್ಜುನಯ್ಯನವರ ಮುಖ ಕೆಂಪೇರಿತು. “ಶುಭಕಾರ್ಯಕ್ಕೆ ಕರ್ದು ಹೆಣದ ಕತೆ ಹೇಳ್ತೀರಲ್ರೀ!” ಎಂದು ಎದ್ದೇಬಿಟ್ಟರು. ಜೊತೆಯವರೊಬ್ಬರು ಸಮಾಧಾನಕ್ಕೆಂದು, “ಕದ ಇಡ್ಸಿ, ಆ ಹೆಸ್ರು ಬುಟ್ಬುಡಿ. ಎಲ್ಲಾ ಸರಿಹೋಯ್ತದೆ” ಎಂದರು.

“ಕದಾನೂ ಇಡ್ಸಲ್ಲ, ಹೆಸ್ರೂ ಬುಡಲ್ಲ” ಎಂದರು ಏಕಾಂತಯ್ಯ. “ಇಲ್ಲಿಗಂಟ ಜಂಬಕ್ಕೆ ಹೇಳ್ಕತಿದ್ದೆ. ಇನ್ಮೇಲೆ ಆ ತಾಯಿಗೋಸ್ಕರ ಹೇಳ್ಕತೀನಿ.”

ಆಗ ಗಂಡಿನ ಕಡೆಯ ಅತಿ ಹಿರಿಯ, ಮಲ್ಲಿಕಾರ್ಜುನಯ್ಯನವರ ದೊಡ್ಡಪ್ಪ ರೇವಣಸಿದ್ದಯ್ಯ, ಅಷ್ಟು ಹೊತ್ತೂ ಕಂಬಕ್ಕೊರಗಿ ಕಣ್ಮುಚ್ಚಿದ್ದವರು, ಕೋಲನ್ನು ನೆಲಕ್ಕೆ ಕುಟ್ಟಿದರು.

“ಕೂತ್ಕಳಲಾ ಮಲ್ಲ. ಆ ಬರದಲ್ಲಿ ಕದ ಹಾಕ್ಕಳ್ದಿದ್ದ ಮನೆ ಯಾವುದ್ಲಾ? ನಮ್ದೂ ಹಾಕಿತ್ತು. ನಮ್ಮ ಜಗುಲೀಲಿ ಸತ್ತೋರನ್ನ ನಮ್ಮೋರು ಯಾರಿಗೂ ಹೇಳ್ಲಿಲ್ಲ, ಅಷ್ಟೇಯ.”

ಮಲ್ಲಿಕಾರ್ಜುನಯ್ಯನವರು ನಿಧಾನವಾಗಿ ಕೂತರು. ಮುದುಕರು ತಾವೇ ವೀಳ್ಯದ ತಟ್ಟೆಯನ್ನೆತ್ತಿ ಏಕಾಂತಯ್ಯನವರ ಮುಂದೆ ಹಿಡಿದರು.

ಹಿರಿಯರ ಕೀರ್ತಿಯನ್ನು ಹೊತ್ತು ಮೆರೆಯುವವರು ನಮ್ಮಲ್ಲಿ ಓಣಿಗೊಬ್ಬರು ಸಿಕ್ಕಾರು. ಆ ಭಾರ ಹಗುರ, ಹೆಗಲಿಗೆ ಹಿತ. ಹಿರಿಯರ ಅಪರಾಧವನ್ನೂ ಅದೇ ಹೆಗಲ ಮೇಲೆ, ಅದೇ ಹೆಸರಿನಲ್ಲಿ, ಇಳಿಸಲು ನೂರು ನೆಪ ಸಿಕ್ಕರೂ ಇಳಿಸದೆ ಹೊರುವ ಹಟವಾದಿಗಳು ವಿರಳ. ಅವರೊಡನೆ ಸಂಸಾರ ಮಾಡುವುದು ಕಷ್ಟ, ವ್ಯವಹಾರ ಇನ್ನೂ ಕಷ್ಟ. ಆದರೆ ಅಂಥವರು ಇರುವತನಕ, ಯಾರದೋ ಜಗುಲಿಯ ಮೇಲೆ ಹೆಸರಿಲ್ಲದೆ ಸತ್ತವರನ್ನು ತಮ್ಮವರೆಂದು ನೆನೆಯುವುದಕ್ಕೆ ಲೋಕದಲ್ಲಿ ಒಂದು ಮನೆಯಾದರೂ ಇರುತ್ತದೆ.