ವಿರೂಪಾಕ್ಷಮ್ಮನ ಕೊರಳು

ಅಳವಂಡಿಯ ವಿರೂಪಾಕ್ಷಮ್ಮ ಸಂಜೆ ಕಟ್ಟೆಯ ಮೇಲೆ ಕುಳಿತು ಕಥೆ ತೆಗೆದರೆ ಆಚೆ ಓಣಿಗೂ ಕೇಳುತ್ತಿತ್ತು. ಶಿವ ಕೊಟ್ಟ ಆ ಕೊರಳಲ್ಲಿ ಅಡಿಕೆಯಷ್ಟು ಗಂಟೊಂದು ಎದ್ದಿತು. ಲಿಂಗದ ಕರಡಿಗೆ ತೂಗುವ ಶಿವದಾರ ಉಜ್ಜಿ ಹೀಗಾಗಿದೆ ಎಂದು ಮನೆಯವರೆಲ್ಲ ನಂಬಿದರು. ನೂಲಿನ ದಾರ ಹೋಗಿ ರೇಷ್ಮೆಯದು ಬಂತು. ಬೆಳ್ಳಿಯ ಕರಡಿಗೆ ಭಾರವೆಂದು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿದರು. ಗಂಟು ಬೆಳೆಯುತ್ತಲೇ ಇತ್ತು. ದನಿ ಒಡೆಯತೊಡಗಿದಾಗ ಗಂಡ ಉಮಾಪತಿ ಹೆದರಿ, ಕೊಪ್ಪಳದಲ್ಲಿ ರೈಲು ಹತ್ತಿಸಿ ದೊಡ್ಡ ದವಾಖಾನೆಗೆ ಕರೆದೊಯ್ದ.

ಡಾಕ್ಟರು ನೀರು ಕೊಟ್ಟು, "ಒಂದ್ ಗುಟುಕು ಕುಡೀರಿ ತಾಯಿ" ಎಂದರು. ಗುಟುಕಿನೊಂದಿಗೆ ಗಂಟೂ ಮೇಲೇರಿ ಇಳಿಯಿತು. ಒತ್ತಿ ನೋಡಿದರೆ ಕಲ್ಲು.

"ದಾರದ್ದಾಗಿದ್ರ ಚರ್ಮದಾಗ ಇರ್ತಿತ್ತು. ಇದು ಒಳಗಿನ ಗ್ರಂಥೀದು. ಕ್ಯಾನ್ಸರ್ ಅನ್ನೋ ಗುಮಾನಿ ಐತಿ. ಕೊಯ್ದು ತಗೀಬೇಕು. ಶಿವದಾರ ಬಿಚ್ಚಬೇಕಾಗ್ತದ."

"ದೀಕ್ಷಾ ಆದಾಗಿಂದ ಲಿಂಗ ಮೈ ಬಿಟ್ಟಿಲ್ರಿ."

"ಪೂಜಾ ಎಲ್ಲಿಟ್ಟು ಮಾಡ್ತೀರಿ?"

"ಎಡಗೈ ಅಂಗೈಯಾಗ್ರಿ."

"ಹಂಗ ಹಿಡ್ಕೊಂಡು ಮಲಗ್ರಿ. ಕೊರಳಷ್ಟ ಜೋಮು ಮಾಡ್ತೀನಿ. ನೀವು ಮಾತಾಡ್ತನ ಇರ್ಬೇಕು. ದನಿ ನರ ಗಂಟಿನ ಬೆನ್ನಿಗೇ ಐತಿ. ದನಿ ಒಡದ್ರ ನನ್ನ ಕೈ ನಿಲ್ಲತೈತಿ."

"ಈಕಿಗೆ ಮಾತಾಡು ಅಂದವ್ರು ನೀವ ಮೊದಲಿಗರು ನೋಡ್ರಿ," ಎಂದ ಉಮಾಪತಿ.

ಮೇಜಿನ ಮೇಲೆ ಮಲಗಿ ಆಕೆ ಅತ್ತೆಯಿಂದ ಕಲಿತ ಕಥೆ ತೆಗೆದಳು: ಜಂಗಮರು ಪ್ರಸಾದಕ್ಕೆ ಕುಳಿತಾಗ ಮಜ್ಜಿಗೆಯಿಲ್ಲದೆ ಎಮ್ಮೆಯ ಕಾಲಿಗೇ ಬಿದ್ದ ಬಡವಿಯ ಕಥೆ.

"ಎಮ್ಮಿ ಏನಂತು ಅಕ್ಕಾ?" ಎಂದಳು ನರ್ಸು ತಾಜಬೀ, ನಗು ತಡೆಯಲಾರದೆ.

ವಿರೂಪಾಕ್ಷಮ್ಮ ಹೇಳಹೋದಳು, ದನಿ ಗರಗರ ಎಂದಿತು. ಡಾಕ್ಟರ ಕೈ ನಿಂತಿತು. ದನಿ ಮರಳಿತು. ಅವರು ಬಾಗಿ ಹೇಳಿದರು: "ತಾಯಿ, ಗಂಟು ಹೊರಗ ಬಂತು. ಒಂದು ಚೂರು ನರಕ್ಕ ಅಂಟೇತಿ. ಬಿಟ್ರ ದನಿ ಉಳೀತೈತಿ, ರೋಗ ತಿರುಗಿ ಬರಬಹುದು. ತಗದ್ರ ನರಾನೂ ಹೋಗತೈತಿ. ಪಿಸುಮಾತಷ್ಟ ಉಳೀಬಹುದು."

ವಿರೂಪಾಕ್ಷಮ್ಮ ಕಣ್ಣು ಮುಚ್ಚಿದಳು. ಅತ್ತೆ ಕೊಟ್ಟ ಕಥೆಗಳನ್ನು ಇನ್ನೂ ಯಾರ ಉಡಿಗೂ ಹಾಕಿರಲಿಲ್ಲ. ಅಂಗೈಯ ಲಿಂಗ ಬೆಚ್ಚಗಿತ್ತು.

"ದನಿ ಇಲ್ಲಂದ್ರೂ ಕಥಿ ಹೇಳಬಹುದ್ರಿ. ಜೀವ ಇಲ್ಲಂದ್ರ ಹೆಂಗ ಹೇಳ್ಲಿ? ತಗೀರಿ. ಆದ್ರ ತಡೀರಿ, ಎಮ್ಮಿ ಕಥಿ ಮುಗಸ್ತೀನಿ."

ಅಷ್ಟೆಲ್ಲ ಓದಿಕೊಂಡ ಡಾಕ್ಟರು ಕತ್ತರಿ ಹಿಡಿದು ಭಕ್ತರಂತೆ ನಿಂತರು. ಎಮ್ಮೆ ಹಾಲು ತೊರೆಬಿಟ್ಟಿತು, ಜಂಗಮರು ಉಂಡು ಹರಸಿದರು. ತುಂಬುಕೊರಳಿನಲ್ಲಿ ಕಥೆ ಮುಗಿಸಿ, "ಹ್ಞೂಂ" ಎಂದಳು.

ಗಂಟು ಮತ್ತೆ ಬರಲಿಲ್ಲ, ದನಿಯೂ ಬರಲಿಲ್ಲ. ಗಾಯ ಮಾಗಿದ ಮೇಲೆ ಒಂದು ಸಂಜೆ ಕಟ್ಟೆಗೆ ಬಂದು ಕುಳಿತು, ಪಿಸುಮಾತಿನಲ್ಲೇ ಕಥೆ ತೆಗೆದಳು. ಹಿಂದೆ ಕುಳಿತ ದುರಗಮ್ಮ, "ಕೇಳಸವಲ್ದಬೇ!" ಎಂದಳು. ವಿರೂಪಾಕ್ಷಮ್ಮ ಕೈ ಬೀಸಿ ಕರೆದಳು. ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಸರಿದು ಕುಳಿತರು. ಮೊದಲೆಲ್ಲ ಪಡಸಾಲೆಯಲ್ಲಿ ಒರಗಿಯೇ ಕೇಳುತ್ತಿದ್ದ ಉಮಾಪತಿಯೂ ಎದ್ದು ಬಂದ.

"ಏನ್ರಿ ಗೌಡ್ರ, ಹೇಣ್ತಿ ಮಾತು ಕೇಳಾಕ ಬಂದ್ರೇನು?" ಎಂದು ದುರಗಮ್ಮ ಕೆಣಕಿದಳು.

"ಸುಮ್ನಿರವಾ," ಎಂದ ಉಮಾಪತಿ, ನೆಲದ ಮೇಲೆ ಕೂರುತ್ತ, "ಕಥಿ ತಪ್ಪತೈತಿ."