ಹೋದ ವಾರದ ಅಕ್ಕ

ನಿಂತು ಪ್ರಶ್ನೆ ಕೇಳುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ. ಹೊಸ್ತಿಲಾಗಲಿ, ಮೆಟ್ಟಿಲಾಗಲಿ, ಬೋರಲು ಹಾಕಿದ ಬಕೆಟ್ಟಾಗಲಿ, ಮೊದಲು ಕೂರಬೇಕು. ಕೂತು, ಉಸಿರು ಬಿಟ್ಟು, ಮನೆಯವರ ಆರೋಗ್ಯ ಕೇಳಿ, ಆಮೇಲಷ್ಟೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. "ನಿಂತ್ಕೊಂಡು ಕೇಳಿದ್ರೆ ವಿಚಾರಣೆ. ಕೂತ್ಕೊಂಡು ಕೇಳಿದ್ರೆ ವಿಚಾರಿಸ್ಕೊಳ್ಳೋದು" ಎಂದು ನನಗೊಮ್ಮೆ ಹೇಳಿದ್ದರು.

ನಮ್ಮದು ಒಂದು ಸಮೀಕ್ಷೆಯ ಕಚೇರಿ. ಆರಿಸಿಕೊಂಡ ಅವೇ ಮನೆಗಳಿಗೆ ವರ್ಷವರ್ಷವೂ ಹೋಗಿ, ಯಾರಿಗೆ ಕೆಲಸವಿದೆ, ಯಾರಿಗೆ ತಪ್ಪಿತು, ತಪ್ಪಿದವರು ಮತ್ತೆ ಎಲ್ಲಿ ನೆಲೆ ಕಂಡರು ಎಂದು ಬೆನ್ನು ಬಿಡದೆ ಕೇಳುವುದು ಅದರ ಕಸುಬು. ನಾನು ಮಹಡಿಯ ಮೇಲೆ ಕುಳಿತು ಉತ್ತರಗಳನ್ನು ಕೋಷ್ಟಕಕ್ಕೆ ಇಳಿಸುತ್ತಿದ್ದೆ; ಆಕೆ ಕೆಳಗೆ ಬೀದಿ ಅಲೆಯುತ್ತಿದ್ದರು. ಅವರ ಮೊದಲ ಪ್ರಶ್ನೆ ಎಂದಿಗೂ ಒಂದೇ: "ಹೋದ ವಾರ ಏನ್ ಕೆಲಸ ಮಾಡಿದ್ರಿ?" ಹಾಗಾಗಿ ಆ ಓಣಿಗಳಲ್ಲಿ ಅವರು 'ಹೋದ ವಾರದ ಅಕ್ಕ'ನೆಂದೇ ಪ್ರಸಿದ್ಧರು. ಭುಜದ ಚೀಲದ ಭಾರಕ್ಕೆ ದೇಹವೇ ಎಡಕ್ಕೆ ವಾಲಿ, ಚೀಲವಿಲ್ಲದಾಗಲೂ ಗಾಳಿಗೆ ಓರೆಯಾದ ಗಿಡದಂತೆ ನಡೆಯುತ್ತಿದ್ದರು. ಚಳಿಗೂ ಸೆಕೆಗೂ ಅದೇ ಬೂದು ಬಣ್ಣದ ಕೋಟು. ಅದರ ಗುಂಡಿಗಳಲ್ಲಿ ಒಂದರಂತೆ ಒಂದಿರಲಿಲ್ಲ. ಕೆಟ್ಟ ಸುದ್ದಿ ಕೇಳಿದಾಗಲೆಲ್ಲ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು: "ಇರ್ಲಿ ಬಿಡಿ."

ಒಂದು ಮನೆಯ ಅಜ್ಜಿಗೂ ಆಕೆಗೂ ವರ್ಷಕ್ಕೊಮ್ಮೆ ಜಗಳ. "ಮೂರು ಹೊತ್ತು ಬೇಯಿಸಿ ಹಾಕ್ತೀನಲ್ಲ, ಅದನ್ನ ಬರ್ಕೊಳ್ಳೇ" ಎಂದು ಅಜ್ಜಿ. "ಅದಕ್ಕೆ ಕಾಲಂ ಇಲ್ಲಜ್ಜಿ" ಎಂದು ಈಕೆ. "ಹಾಗಾದ್ರೆ ಆ ಕಾಲಂ ಮಾಡಿದವನಿಗೆ ಯಾರು ಬೇಯಿಸಿ ಹಾಕ್ತಾರೋ ಕೇಳ್ಕೊಂಡು ಬಾ." ಈ ಕಥೆಯನ್ನು ಹೇಳುವಾಗ ಮಾತ್ರ ಆಕೆ ಬಾಯ್ತುಂಬ ನಗುತ್ತಿದ್ದರು.

ನಗು ಬತ್ತಿದ್ದು ಲೋಹ ಕಡೆಯುವ ಲೇಥ್ ಯಂತ್ರ ನಡೆಸುತ್ತಿದ್ದವರೊಬ್ಬರ ಮನೆಯಲ್ಲಿ. ಕಾರ್ಖಾನೆ ಬಾಗಿಲು ಹಾಕಿದ ವರ್ಷ ಆತ ಎದೆಯೆತ್ತಿ, "ಹುಡುಕ್ತಾ ಇದೀನಮ್ಮ, ಕೈಯಲ್ಲಿ ಕೆಲಸ ಇದೆ, ಎಲ್ಲೋದ್ರೂ ಬದುಕ್ತೀನಿ" ಎಂದಿದ್ದರಂತೆ. ಮರುವರ್ಷ, ಅಲೆದ ಜಾಗಗಳನ್ನು ತಗ್ಗಿದ ದನಿಯಲ್ಲಿ ಹೇಳಿದ್ದರು. ಅದರ ಮುಂದಿನ ವರ್ಷ ನಾನೂ ಜೊತೆಗೆ ಹೋಗಿದ್ದೆ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. ಆತ ಗೋಡೆಯ ಕಡೆ ನೋಡುತ್ತ, "ಹುಡುಕೋದು ಬಿಟ್ಟೆ. 'ಇಲ್ಲ' ಅಂತ ಕೇಳಿಸ್ಕೊಂಡು ಬರೋಕೆ ಇನ್ನು ಮುಖ ಇಲ್ಲ" ಎಂದರು.

ಹಿಂದಿರುಗುವ ದಾರಿಯಲ್ಲಿ ಆಕೆ ಕೇಳಿದರು: "ನಿಮ್ಮ ಕೋಷ್ಟಕದಲ್ಲಿ ಅವರಿನ್ನು ಎಲ್ಲಿಗೆ ಹೋಗ್ತಾರೆ?"

"ಹುಡುಕದವರು ನಿರುದ್ಯೋಗಿಗಳಲ್ಲ. ಲೆಕ್ಕದಿಂದ ಆಚೆ ಹೋಗ್ತಾರೆ."

"ಅಂದ್ರೆ ನಿರುದ್ಯೋಗ ಕಡಿಮೆ ಆಯ್ತು ಅಂತ?"

"ಒಬ್ಬರ ಮಟ್ಟಿಗೆ, ಹೌದು."

ಆಕೆ ಎಂದಿನ ಮಾತನ್ನು ಆಡಲಿಲ್ಲ.

ಕೆಲವೇ ದಿನಗಳಲ್ಲಿ, ಅದೇ ಸುತ್ತಿನ ಇನ್ನೊಂದು ಮನೆಯಲ್ಲಿ, ಪಂಪು ರಿಪೇರಿ ಅಂಗಡಿಯ ಮಾಲೀಕರು ಲೇಥ್ ಬಲ್ಲವರು ಸಿಗುತ್ತಿಲ್ಲವೆಂದು ಗೊಣಗಿದರು. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಗೆ ಒಯ್ಯಬಾರದು, ಬದುಕನ್ನು ನೋಡಬೇಕೇ ಹೊರತು ಅದರಲ್ಲಿ ಕೈಯಿಡಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ. ಹೊಸಬರಿಗೆ ಆ ಪಾಠ ಹೇಳಿಕೊಡುತ್ತಿದ್ದವರೂ ಆಕೆಯೇ. ಆ ಸಂಜೆ ಅವರು ಲೇಥಿನವರ ಓಣಿಗೆ ಹೋಗಿ ಅಂಗಡಿಯ ವಿಳಾಸ ಹೇಳಿ ಬಂದರು. ಆತನಿಗೆ ಕೆಲಸ ಸಿಕ್ಕಿತು.

ಸುಮ್ಮನಿದ್ದಿದ್ದರೆ ಪಿಟ್ಟೆನ್ನದೆ ಮುಗಿಯುತ್ತಿತ್ತು. ಆದರೆ ಆಕೆ ತಾನಾಗಿಯೇ ಅಧಿಕಾರಿಯ ಮುಂದೆ ಹೋಗಿ, ನಡೆದದ್ದನ್ನು ಹೇಳಿದರು. ತಾನು ಕೊಡಿಸಿದ ಕೆಲಸ ಆತನೇ ಹುಡುಕಿಕೊಂಡದ್ದೆಂಬ ಸುಳ್ಳು ದಾಖಲೆಯೊಂದು ತನ್ನ ಹೆಸರಿನಲ್ಲಿ ಕಚೇರಿ ಸೇರುವುದು ಅವರಿಂದ ಸಹಿಸಲಾಗಲಿಲ್ಲ. ಅಧಿಕಾರಿ ಕೆಟ್ಟವರಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದರು. "ಇದು ತಪ್ಪು ಅಂತ ನಮ್ಮ ಮನೇಲಿ ಹೇಳೋಕೆ ನನಗೇ ಬಾಯಿ ಬರಲ್ಲ. ಆದ್ರೆ ಕೇಳೋಕೆ ಬಂದವರು ಕೆಲಸ ಕೊಡಿಸ್ತಾರೆ ಅಂತಾದ್ರೆ, ನಾಳೆ ನಮಗೆ ನಿಜ ಹೇಳೋರು ಯಾರು?" ಎಂದರು. ಆಕೆ ತಲೆಯಾಡಿಸಿದರು. ಆ ಸಲದ ಗುತ್ತಿಗೆ ಮುಗಿದ ಮೇಲೆ ಅವರನ್ನು ಮತ್ತೆ ಕರೆಯಲಿಲ್ಲ. ಹೊಸಬರು ಹೋದ ಮನೆಗಳಲ್ಲೆಲ್ಲ, "ನಮ್ಮಕ್ಕ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಹೇಳುವುದೇ ಒಂದು ಕೆಲಸವಾಯಿತು.

ಮರುವರ್ಷ ಆಕೆ ನನಗೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ತಾವೂ ಕೆಲಸ ಹುಡುಕುತ್ತಿದ್ದರು. ಅದನ್ನು ಒಂದೇ ಮಾತಿನಲ್ಲಿ ಮುಗಿಸಿ, ಲೇಥಿನವರ ಸುದ್ದಿ ತೆಗೆದರು. ಆತನಿಗೆ ಕಣ್ಣು ಕೈಕೊಟ್ಟಿತ್ತಂತೆ. ಅಳತೆ ತಪ್ಪಿ ಮಾಲು ಹಾಳಾಗತೊಡಗಿದಾಗ ಮಾಲೀಕರು, ನೋಯಿಸದ ಹಾಗೆ, ಇನ್ನು ಬರುವುದು ಬೇಡವೆಂದರಂತೆ.

"ನೋಡೋಕೆ ಹೋಗಿದ್ದೆ. ಬೈತಾರೇನೋ ಅನ್ಕೊಂಡಿದ್ದೆ. ಆತ, 'ಇಲ್ಲಮ್ಮ, ಅಷ್ಟು ದಿನ ಸಂಜೆ ಮನೆಗೆ ಬರೋದು ಅಂದ್ರೇನು ಅಂತ ಮತ್ತೆ ಗೊತ್ತಾಯ್ತು' ಅಂದ್ರು" ಎಂದರು. ಆಮೇಲೆ, "ಈ ಸಲ ಅವರ ಮನೆಗೆ ಯಾರು ಹೋಗ್ತಿದ್ದಾರೆ?" ಎಂದು ಕೇಳಿದರು.

ನಮ್ಮವರ ಕೈ ಸೋಕಿದ್ದೆಂದು ಆ ಮನೆಯನ್ನೇ ಸಮೀಕ್ಷೆಯಿಂದ ಕೈಬಿಟ್ಟಿದ್ದರು. ಆಕೆಗೆ ಗೊತ್ತಿರಲಿಲ್ಲ. ನಾನು ಹೇಳಿದೆ.

"ಹಾಗಾದ್ರೆ ಅವರನ್ನ ಇನ್ನು ಯಾರೂ ಕೇಳೋದೇ ಇಲ್ವಾ?" ಎಂದರು. ಅವರ ಬಸ್ಸು ಬಂದು ನಿಂತು, ಹೊರಟೂ ಹೋಯಿತು, ಆಕೆ ಹತ್ತಲಿಲ್ಲ.

ಪರರ ದುಃಖಕ್ಕೆ ಒಮ್ಮೆ ಕರಗುವವರು ಲೋಕದಲ್ಲಿ ವಿರಳರಲ್ಲ. ಕರಗಿ, ಕಣ್ಣೊರೆಸಿಕೊಂಡು, ತಮ್ಮ ದಾರಿ ಹಿಡಿಯಬಹುದು. ಅದೇ ಮನುಷ್ಯ ವರುಷವರುಷಕ್ಕೆ ಇಷ್ಟಿಷ್ಟೇ ಕುಗ್ಗುವುದನ್ನು ಎದುರು ಕುಳಿತು ಕಾಣಬೇಕಾದವರಿಗೆ ಆ ಸೌಕರ್ಯವಿಲ್ಲ. ಅವರ ಕಣ್ಣಿಗೆ ಸಂಬಳವುಂಟು, ಕೈಗೆ ಅಪ್ಪಣೆಯಿಲ್ಲ. ಎಂದಾದರೊಂದು ದಿನ ಇಂಥವರ ಕೈ ಅಪ್ಪಣೆಗೆ ಕಾಯದೆ ನೆರವಿಗೆ ಚಾಚಿಕೊಳ್ಳುತ್ತದೆ. ಅದರಿಂದ ಯಾರೂ ಬಹುಕಾಲ ಉದ್ಧಾರವಾಗುವುದಿಲ್ಲವೆಂದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿದ್ದೂ ಚಾಚುತ್ತಾರೆ.